ದ್ವೀಪದಲ್ಲಿ ನೆಲ ಅಲುಗಿದರೆ ಪ್ರವಾಸ ಮೊಟಕುಗೊಳಿಸಬೇಕೇ?

ಬಸವನಗುಡಿ ನಿವಾಸಿ: ಕಳೆದ ತಿಂಗಳು ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ತಂಗಿದ್ದಾಗ ಬೆಳಗಿನ ಜಾವ ಮಂಚ ನಾಲ್ಕೈದು ಸೆಕೆಂಡು ಅಲುಗಾಡಿತು. ಹೋಟೆಲಿನ ಸಿಬ್ಬಂದಿ ಏನೂ ನಡೆದಿಲ್ಲವೆಂಬಂತೆ ಚಹಾ ತಂದಿಟ್ಟರು. ನಾವು ಮಾತ್ರ ಹೆದರಿ ಎರಡು ದಿನ ಮೊದಲೇ ಬೆಂಗಳೂರಿಗೆ ಮರಳಿದೆವು. ನಮ್ಮ ನಿರ್ಧಾರ ಅತಿಯಾಯಿತೇ?

ಮಲ್ಲೇಶ್ವರದ ಓದುಗ: ಭಯ ಸಹಜವಾದರೂ ಮರಳುವ ಅಗತ್ಯವಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಭಾರತದ ಭೂಫಲಕವು ಬರ್ಮಾ ಫಲಕದ ಅಡಿಗೆ ಸರಿಯುವ ಗಡಿಯಲ್ಲಿಯೇ ಆ ದ್ವೀಪಗಳಿರುವುದರಿಂದ, ದಖ್ಖನಿನ ಗಟ್ಟಿ ಶಿಲೆಯ ಮೇಲೆ ಬದುಕುವ ನಮಗೆ ಅಪರೂಪವೆನಿಸುವ ಲಘು ಕಂಪನಗಳು ಅಲ್ಲಿನವರಿಗೆ ಸಿಲ್ಕ್ ಬೋರ್ಡಿನ ದಟ್ಟಣೆಯಷ್ಟೇ ಪರಿಚಿತ.

ನಿವೃತ್ತ ಭೂಗೋಳ ಶಿಕ್ಷಕಿ: ಸಿಬ್ಬಂದಿಯ ನಿರಾಳತೆಯನ್ನೇ ಅಳತೆಗೋಲಾಗಿಸಬೇಡಿ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಸಂಭವಿಸಿದ 9.1 ತೀವ್ರತೆಯ ಕಂಪನವು ನಿಮಿಷಗಟ್ಟಲೆ ಮುಂದುವರಿದಿತ್ತು. ಆ ಕಂಪನದಿಂದಲೇ ನಿಕೋಬಾರಿನ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು, ಬೆನ್ನಲ್ಲೇ ಸುನಾಮಿಯೂ ಬಂತು. ಆದ್ದರಿಂದ ನಡುಕ ದೀರ್ಘವಾಗಿದ್ದರೆ, ನಿಲ್ಲಲಾರದಷ್ಟು ಬಲವಾಗಿದ್ದರೆ ಅಥವಾ ಕಡಲು ಏಕಾಏಕಿ ಹಿಂದೆ ಸರಿದರೆ, ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರದ ಸಂದೇಶಕ್ಕೂ ಕಾಯದೆ ಎತ್ತರದ ಜಾಗಕ್ಕೆ ನಡೆದು ಹೋಗಬೇಕು. ಒಳಗಿರುವಾಗ ಮೇಜಿನಡಿ ಕುಳಿತು ತಲೆ ಕಾಪಾಡಿಕೊಳ್ಳಿ, ಲಿಫ್ಟ್ ಬಳಸಬೇಡಿ.

ಬಸವನಗುಡಿ ನಿವಾಸಿ: ಧನ್ಯವಾದಗಳು, ಮೇಡಂ. ಎತ್ತರದ ಜಾಗ ಎಲ್ಲಿದೆಯೆಂದು ನಾವು ಕೇಳಿಯೇ ಇರಲಿಲ್ಲ. ವಿಮಾನದ ಟಿಕೆಟಿಗೆ ಹೆಚ್ಚುವರಿ ಹಣವನ್ನು ಮಾತ್ರ ತೆತ್ತೆವು.