ಸಹಾಯ ಬೇಕು: ಟೀಚಬಲ್ ಮಷೀನ್ 100% ಅನ್ನುತ್ತೆ, ಹೊಸ ಎಲೆ ತೋರಿಸಿದ್ರೆ ತಪ್ಪು ಹೇಳುತ್ತೆ

9ನೇ ತರಗತಿ ಮಕ್ಕಳಿಗೆ ಎಐ ಪರಿಚಯಿಸೋಕೆ, ಫೋಟೋ ತೋರಿಸಿ ಕಂಪ್ಯೂಟರ್‌ಗೆ ಗುರುತಿಸೋದು ಕಲಿಸೋ ಗೂಗಲ್‌ನ ವೆಬ್ ಟೂಲ್ ಆದ ಟೀಚಬಲ್ ಮಷೀನ್‌ನಲ್ಲಿ ಮಾವು, ಹಲಸಿನ ಎಲೆ ಗುರುತಿಸೋ ಮಾಡೆಲ್ ಮಾಡಿಸ್ತಿದ್ದೀವಿ. ಒಂದೊಂದಕ್ಕೆ 5 ಎಲೆ, ವೆಬ್‌ಕ್ಯಾಮ್ ಬಟನ್ ಒತ್ತಿ ಹಿಡಿದು ತೆಗೆದ 80 ಫೋಟೋ. ಎಪಾಕ್ (ತರಬೇತಿಯ ಎಲ್ಲಾ ಫೋಟೋನೂ ಮಾಡೆಲ್ ಎಷ್ಟು ಸುತ್ತು ನೋಡುತ್ತೆ ಅನ್ನೋದು) 50, ಬ್ಯಾಚ್ (ಒಂದು ಸಲಕ್ಕೆ ತಗೊಳ್ಳೋ ಫೋಟೋ) 16. ನಿಖರತೆ 100% ಬರುತ್ತೆ. ಆದ್ರೆ ಅಂಗಳದಿಂದ ಹೊಸ ಹಲಸಿನೆಲೆ ತಂದು ಹಿಡಿದ್ರೆ "ಮಾವು 97%".

ಹಿನ್ನೆಲೆಯಿಂದ ಇರಬೇಕು ಅಂತ ಎಲ್ಲಾ ಫೋಟೋನೂ ಬಿಳಿ ಡ್ರಾಯಿಂಗ್ ಶೀಟ್ ಮೇಲಿಟ್ಟು ಮತ್ತೆ ತೆಗೆದಿದ್ದಾಯ್ತು, ಸ್ವಲ್ಪ ಸುಧಾರಿಸ್ತು ಅಷ್ಟೆ. ಎಪಾಕ್ 20ಕ್ಕೆ ಇಳಿಸಿದ್ರೂ ಅದೇ ಕಥೆ.

ಗಂಟು ಇರೋದು ಇಲ್ಲಿ ಅನ್ಸುತ್ತೆ: ಟೂಲ್ ತಾನೇ 15% ಫೋಟೋ ಪರೀಕ್ಷೆಗೆ ಎತ್ತಿಡುತ್ತೆ, ಆದ್ರೆ ಅವೂ ಅದೇ 5 ಎಲೆಗಳವು, ಒಂದೇ ಓಟದಲ್ಲಿ ತೆಗೆದವು. ಬೋರ್ಡ್ ಮೇಲೆ ಬಿಡಿಸಿ ತೋರಿಸಿದ ಲೆಕ್ಕವನ್ನೇ ಪರೀಕ್ಷೇಲಿ ಕೊಟ್ಟ ಹಾಗೆ. ಎಲೆವಾರು ಬೇರ್ಪಡಿಸೋ ಆಯ್ಕೆ ಅದರಲ್ಲಿ ಸಿಗಲಿಲ್ಲ.

ಹಾಗಾಗಿ ಎರಡು ಪ್ರಶ್ನೆ. ಮಾಡೆಲ್ ಒಮ್ಮೆಯೂ ನೋಡದ 10 ಎಲೆ ಎತ್ತಿಟ್ಟು, ಮಕ್ಕಳ ಕೈಲೇ ಸರಿ-ತಪ್ಪಿನ ಪಟ್ಟಿ ಬರೆಸಿದ್ರೆ ಈ ಹಂತಕ್ಕೆ ಸಾಕಾ? ತರಬೇತಿಗೆ ಒಂದೊಂದು ಜಾತಿಗೆ ಕನಿಷ್ಠ ಎಷ್ಟು ಬೇರೆ ಬೇರೆ ಎಲೆ ಬೇಕು? 40 ನಿಮಿಷದ ಪಿರಿಯಡ್‌ನಲ್ಲಿ ಮಾಡಿಸಿ ನೋಡಿದವರು ದಯವಿಟ್ಟು ತಿಳಿಸಿ.