ವಿಂಡೋಸ್ 10ರಿಂದ ಲಿನಕ್ಸ್ ಮಿಂಟ್‌ಗೆ: ನುಡಿ ಕಡತ, ಹಳೇ ಪ್ರಿಂಟರ್, ಗೇಮ್ಸ್ ನಡೆಯುತ್ತಾ?

ಮೂಡಿಗೆರೆ_ತೋಟ:
ಡೆಸ್ಕ್‌ಟಾಪ್ ಹೀಗಿದೆ: ಐ5-7400, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಟಿಐ, 240 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, 7ನೇ ತಲೆಮಾರಿನ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಅದಕ್ಕೆ ಉಚಿತವಾಗಿ ಸಿಗೋ ಲಿನಕ್ಸ್ ಮಿಂಟ್ ಆಪರೇಟಿಂಗ್ ಸಿಸ್ಟಂಗೆ ಹೋಗೋಣ ಅಂತಿದ್ದೇನೆ. ತೋಟದ ಕೂಲಿ ಲೆಕ್ಕ ಎಕ್ಸೆಲ್‌ನಲ್ಲಿ, ಹಳೇ ಪತ್ರಗಳೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಮಗ ಆಡೋದು ಜಿಟಿಎ 5, ಸಿಎಸ್ 2, ವ್ಯಾಲೊರಂಟ್. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ನೆಟ್ಟೂ ನಂಬೋ ಹಾಗಿಲ್ಲ. ಎಲ್ಲಿ ಎಡವಬಹುದು?

ಹಾಸನ_ಡೆಸ್ಕ್‌ಟಾಪ್:
ಇನ್ನೊಂದು ಎಸ್‌ಎಸ್‌ಡಿ ತಗೊಂಡು ಅದಕ್ಕೇ ಮಿಂಟ್ 22 ಹಾಕಿ. ಹಾಕುವಾಗ ವಿಂಡೋಸ್ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ನೀವು ಬೇರೆ ಡಿಸ್ಕ್ ಆರಿಸಿದ್ದರೂ ಬೂಟ್‌ಲೋಡರ್ (ಆನ್ ಆದಾಗ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ) ಹಳೇ ಡಿಸ್ಕಿನ ಇಎಫ್‌ಐ ಎಂಬ ಬೂಟ್ ಭಾಗಕ್ಕೆ ಹೋಗಿ ಕೂರಬಹುದು, ಮುಂದೆ ಆ ಡಿಸ್ಕ್ ತೆಗೆದ ದಿನ ಮಿಂಟೂ ಏಳಲ್ಲ.

ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಆಗಿರಲ್ಲ, ವಿಂಡೋಸ್ ಮಾದರಿಯ (ಎನ್‌ಟಿಎಫ್‌ಎಸ್) ಡ್ರೈವ್‌ಗಳು ಲಿನಕ್ಸ್‌ನಲ್ಲಿ ಓದಲಷ್ಟೇ ತೆರೆಯುತ್ತವೆ. ಮಿಂಟ್ ಹಾಕಲು 8 ಜಿಬಿ ಪೆನ್‌ಡ್ರೈವ್ ಸಾಕು. ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ, ಬೂಟ್ ಮಾಡಿದರೆ ಎಕ್ಸೆಲ್ ಕಡತ ತೆರೆಯುವ ಲಿಬ್ರೆ ಆಫೀಸ್ ಅದರಲ್ಲೇ ಇರುತ್ತೆ. ಕೂಲಿ ಲೆಕ್ಕದ ಕಡತ ಅಲ್ಲೇ ತೆರೆದು ನೋಡಿ. ಸೂತ್ರಗಳು ಬರುತ್ತವೆ, ವಿಬಿಎ ಮ್ಯಾಕ್ರೊ (ಎಕ್ಸೆಲ್‌ನೊಳಗಿನ ಸಣ್ಣ ಪ್ರೋಗ್ರಾಂ) ಇದ್ದರೆ ಅನುಮಾನ.

ಗ್ರಾಫಿಕ್ಸ್‌ಗೆ ಡ್ರೈವರ್ ಮ್ಯಾನೇಜರ್‌ನಲ್ಲಿ ಎನ್ವಿಡಿಯಾ 580 ಸಾಲಿನದನ್ನೇ ಆರಿಸಿ. ನಿಮ್ಮ ಕಾರ್ಡಿಗೆ ಅದೇ ಕೊನೆ. ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ರಕ್ಷಣೆ) ಆನ್ ಇದ್ದರೆ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳುತ್ತೆ, ರೀಬೂಟ್ ಆದಾಗ ನೀಲಿ ಪರದೆಯಲ್ಲಿ 'ಎನ್‌ರೋಲ್ ಮೋಕ್' ಒತ್ತಿ ಅದನ್ನೇ ಕೊಡಬೇಕು. ಇದನ್ನು ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗಲ್ಲ.

ಕರೆಂಟ್ ಹೋದರೆ ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತೆ. ಅಪ್‌ಡೇಟ್ ನಡುವೆ ಹೋದರೆ ಮಾತ್ರ ಪ್ಯಾಕೇಜ್ ಅರ್ಧಕ್ಕೆ ನಿಲ್ಲುತ್ತೆ. ಯುಪಿಎಸ್ ಇಲ್ಲದೆ ಅಪ್‌ಡೇಟ್ ಮಾಡಬೇಡಿ, ಮೊದಲು ಟೈಮ್‌ಶಿಫ್ಟ್‌ನಲ್ಲಿ ಸಿಸ್ಟಂನ ಸ್ನ್ಯಾಪ್‌ಶಾಟ್ (ಕೆಟ್ಟರೆ ಹಿಂದಿರುಗಲು ಪ್ರತಿ) ತೆಗೆದಿಡಿ.

ಪ್ರೋಟಾನ್_ಚಿಕ್ಕಮಗಳೂರು:
ವ್ಯಾಲೊರಂಟ್ ನಡೆಯಲ್ಲ. ಅದರ ಮೋಸದಾಟ ತಡೆಯುವ ತಂತ್ರಾಂಶ ವ್ಯಾನ್‌ಗಾರ್ಡ್ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಕೆಲಸ ಮಾಡುವಂಥದ್ದು. ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ), ವರ್ಚುವಲ್ ಮಷೀನ್ ಅಂತ ಸಮಯ ಕಳೆಯಬೇಡಿ. ಮಗನಿಗೆ ಅದೇ ಬೇಕಿದ್ದರೆ ಹಳೇ ವಿಂಡೋಸ್ ಡಿಸ್ಕ್ ಅದಕ್ಕೆಂದೇ ಇರಲಿ. ಸಿಎಸ್ 2ಗೆ ಲಿನಕ್ಸ್ ಆವೃತ್ತಿಯೇ ಇದೆ. ಜಿಟಿಎ 5 ಕಥೆ ಪ್ರೋಟಾನ್‌ನಲ್ಲಿ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಸಾಧನ) ಓಡುತ್ತೆ, ಆನ್‌ಲೈನ್ 2024ರಲ್ಲಿ ಮೋಸದಾಟ ತಡೆಯುವ ಬ್ಯಾಟಲ್‌ಐ ಬಂದ ಮೇಲೆ ನಿಂತಿದೆ. 'ಲೆಗಸಿ' ಆವೃತ್ತಿಯನ್ನೇ ಆಡಿ: ಅದು ಗ್ರಾಫಿಕ್ಸ್‌ಗೆ ಬಳಸೋದು ಡೈರೆಕ್ಟ್ಎಕ್ಸ್ 11. ಡೈರೆಕ್ಟ್ಎಕ್ಸ್ 12ರ ಆಟಗಳು ಲಿನಕ್ಸ್‌ನಲ್ಲಿ ನಿಮ್ಮಂಥ ಜಿಟಿಎಕ್ಸ್ 10 ಸರಣಿಯ ಕಾರ್ಡುಗಳ ಮೇಲೆ ತೆವಳುತ್ತವೆ.

ಎನ್‌ಟಿಎಫ್‌ಎಸ್ ಡಿಸ್ಕಿನಿಂದಲೇ ಆಟ ಓಡಿಸಬೇಡಿ. ಪ್ರೋಟಾನ್ ತನ್ನ ಫೋಲ್ಡರಿನಲ್ಲಿ ಕೋಲನ್ ಇರುವ ಹೆಸರುಗಳ ಲಿಂಕ್ ಮಾಡುತ್ತೆ, ಎನ್‌ಟಿಎಫ್‌ಎಸ್‌ನಲ್ಲಿ ಅದು ಕೆಡುತ್ತೆ. ವಿಂಡೋಸ್ ಕಡೆಯ ಸ್ಟೀಮ್‌ನ 'ಕಾಮನ್' ಫೋಲ್ಡರಿನಿಂದ ಆಟವನ್ನು ಇಎಕ್ಸ್‌ಟಿ4ನ ಸ್ಟೀಮ್ ಲೈಬ್ರರಿಗೆ ಕಾಪಿ ಮಾಡಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ಸ್ಟೀಮ್ ಇರುವ ಕಡತಗಳನ್ನು ಪರೀಕ್ಷಿಸಿ ಕೊರತೆಯಷ್ಟನ್ನೇ ಇಳಿಸುತ್ತೆ. ನಿಮ್ಮ ನೆಟ್‌ಗೆ ಇದು ದೊಡ್ಡ ಉಳಿತಾಯ. ಶೇಡರ್ ಪ್ರೀ-ಕ್ಯಾಶಿಂಗ್ (ಗ್ರಾಫಿಕ್ಸ್ ಕೋಡ್ ಮೊದಲೇ ಇಳಿಸಿಡುವುದು) ಕೂಡ ಆಫ್ ಮಾಡಿ. ಮೊದಮೊದಲು ಆಟ ಸ್ವಲ್ಪ ತಡವರಿಸುತ್ತೆ, ಡೇಟಾ ಉಳಿಯುತ್ತೆ.

ಬೇಲೂರು_ಡಿಟಿಪಿ:
ನುಡಿಯ ಹಳೇ ಕಡತಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡ ಫಾಂಟ್ ಹೊದಿಸಿದ್ದು. ಓದಲು 'ನುಡಿ 01 ಇ' ಫಾಂಟನ್ನು ಮಿಂಟ್‌ಗೆ ಹಾಕಿದರೆ ಸಾಕು. ತಿದ್ದಬೇಕಾದ್ದನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರ ಒಮ್ಮೆ ಕಣ್ಣಾಡಿಸಿ. ಹೊಸದಾಗಿ ಟೈಪ್ ಮಾಡಲು ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ ಜೊತೆ ಎಂ17ಎನ್ ಹಾಕಿ, ನುಡಿಯದ್ದೇ ಕೀಲಿಮಣೆ ವಿನ್ಯಾಸವಾದ 'ಕಗಪ' ಆರಿಸಿ, ಬೆರಳಿಗೆ ಹೊಸದೇನೂ ಅನಿಸಲ್ಲ.

ಕಷ್ಟ ಇರೋದು ಪ್ರಿಂಟರ್‌ನಲ್ಲಿ. 2900ಗೆ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್‌ನಂಥ ಸಾಮಾನ್ಯ ಪ್ರಿಂಟರ್ ಭಾಷೆಗಳು ತಿಳಿಯಲ್ಲ, ಅದರದ್ದೇ ಕ್ಯಾಪ್ಟ್ ಭಾಷೆ ಬೇಕು. ಕಂಪನಿಯ ಲಿನಕ್ಸ್ ಡ್ರೈವರ್ ಹಳೇದು, 32 ಬಿಟ್ ಲೈಬ್ರರಿ ಕೇಳುತ್ತೆ. ಅದು ಕೂರದಿದ್ದರೆ ಪಿಡಿಎಫ್ ಮಾಡಿಟ್ಟುಕೊಂಡು ವಿಂಡೋಸ್ ಕಡೆಯಿಂದ ಪ್ರಿಂಟ್ ತೆಗೆಯಿರಿ.