ಓಲ್ಡ್ ಬೇಲಿ ತೀರ್ಪುಗಳಲ್ಲಿ ‘4 ಶಿಲ್ಲಿಂಗ್ 10 ಪೆನ್ಸ್’: ಇದು ನಿಜವಾದ ಬೆಲೆಯೇ?

ಪ್ರಶ್ನೆ:
1740ರ ದಶಕದ ಲಂಡನ್ನಿನ ಓಲ್ಡ್ ಬೇಲಿ ಅಪರಾಧ ನ್ಯಾಯಾಲಯದ ವಿಚಾರಣಾ ವರದಿಗಳಲ್ಲಿ ಒಂದು ವಿಷಯ ಅರ್ಥವಾಗುತ್ತಿಲ್ಲ. ಅಂಗಡಿಯಿಂದ ಕದ್ದ ಬಟ್ಟೆಗೆ ಆರೋಪಪತ್ರದಲ್ಲಿ 12 ಶಿಲ್ಲಿಂಗ್ ಎಂದಿದ್ದರೂ ಜ್ಯೂರಿ ‘4 ಶಿಲ್ಲಿಂಗ್ 10 ಪೆನ್ಸ್ ಮಟ್ಟಿಗೆ ಅಪರಾಧಿ’ ಎನ್ನುತ್ತದೆ. ಬೇರೆಡೆ 39 ಶಿಲ್ಲಿಂಗ್, ಇನ್ನು ಕೆಲವೆಡೆ ಬರೀ 10 ಪೆನ್ಸ್. ಮಾಲಿಗೆ ಯಾರಾದರೂ ಬೆಲೆ ಕಟ್ಟುತ್ತಿದ್ದರೇ? ಆ ಕಾಲದ ಬಟ್ಟೆಯ ದರ ತಿಳಿಯಲು ಈ ಅಂಕಿಗಳನ್ನು ನೆಚ್ಚಬಹುದೇ?

ಉತ್ತರ 1:
ದಯವಿಟ್ಟು ನೆಚ್ಚಬೇಡಿ. ಅದು ಬಟ್ಟೆಯ ಬೆಲೆಯಲ್ಲ, ಕೊರಳು ಉಳಿಸಲು ಇಟ್ಟ ಬೆಲೆ. 12 ಪೆನ್ಸಿಗೆ 1 ಶಿಲ್ಲಿಂಗ್, 20 ಶಿಲ್ಲಿಂಗಿಗೆ 1 ಪೌಂಡ್ ಎಂಬುದನ್ನು ನೆನಪಿಟ್ಟು ಗೆರೆಗಳನ್ನು ನೋಡಿ. ಅಂಗಡಿಯಿಂದ ಗುಟ್ಟಾಗಿ 5 ಶಿಲ್ಲಿಂಗ್ ಅಥವಾ ಹೆಚ್ಚು ಬೆಲೆಯ ಮಾಲು ಕದ್ದರೆ 1699ರ ಕಾಯ್ದೆಯಂತೆ ಗಲ್ಲು. ವಾಸದ ಮನೆಯಿಂದ 40 ಶಿಲ್ಲಿಂಗ್ ಕದ್ದರೆ 1713ರ ಕಾಯ್ದೆಯಂತೆ ಅದೇ ಶಿಕ್ಷೆ. 12 ಪೆನ್ಸ್ ಮೀರದಿದ್ದರೆ ಸಣ್ಣ ಕಳವು. 4 ಶಿಲ್ಲಿಂಗ್ 10 ಪೆನ್ಸ್ ಎಂದರೆ ಗಲ್ಲಿನ ಗೆರೆಗಿಂತ ಎರಡೇ ಪೆನ್ಸ್ ಕೆಳಗೆ. ಪ್ರಮಾಣ ಮಾಡಿ ಕೂತ ಹನ್ನೆರಡು ಜನ ತಿಳಿದೇ ಹೀಗೆ ಹೇಳುತ್ತಿದ್ದರು. ಆ ಶತಮಾನದ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಇದನ್ನು ಒಂದು ಬಗೆಯ ‘ಧರ್ಮದ ಸುಳ್ಳಾಣೆ’ ಎಂದೇ ಕರೆದ.

ಉತ್ತರ 2:
ಬೆಲೆಯೊಂದನ್ನೇ ನೋಡಿದರೆ ಅರ್ಧ ಕತೆ ತಪ್ಪಿಹೋಗುತ್ತದೆ. ‘ಗುಟ್ಟಾಗಿ’ ಎಂಬ ಪದದ ಮೇಲೆ ಕಣ್ಣಿಡಿ. ಮೇಲಂಗಿಯ ಕೆಳಗೆ ರಿಬ್ಬನ್ ಸುರುಳಿ ಜಾರಿಸಿದ್ದನ್ನು ಅಂಗಡಿಯಾಳು ಕಣ್ಣಾರೆ ಕಂಡಿದ್ದರೆ ಅದು ಗುಟ್ಟಿನ ಕಳವಲ್ಲ. ಆಗ ಜ್ಯೂರಿ ಬೆಲೆಯನ್ನು ಮುಟ್ಟದೆಯೇ ‘ಕದ್ದದ್ದು ಹೌದು, ಗುಟ್ಟಾಗಿ ಅಲ್ಲ’ ಎನ್ನಬಹುದಿತ್ತು. ಅದಕ್ಕೇ ‘ತೆಗೆದದ್ದನ್ನು ನೀನು ನೋಡಿದೆಯಾ?’ ಎಂಬ ಪ್ರಶ್ನೆಗೆ ಅಷ್ಟು ತೂಕ.

ಕಳವಾದದ್ದು ನಾಣ್ಯವಾದರೆ ಬೆಲೆ ಇಳಿಸುವುದು ಕಷ್ಟ. 1717ರಿಂದ ಗಿನಿ ಎಂಬ ಚಿನ್ನದ ನಾಣ್ಯಕ್ಕೆ 21 ಶಿಲ್ಲಿಂಗ್ ಎಂದು ನಿಗದಿಯಾಗಿತ್ತು. ಎರಡು ಗಿನಿ ಹೋದರೆ 40ರ ಗೆರೆ ದಾಟಿತು. ಅಲ್ಲಿ ‘ಕದ್ದದ್ದು ಹೌದು, ವಾಸದ ಮನೆಯಲ್ಲಿ ಅಲ್ಲ’ ಎಂಬ ದಾರಿ ಇತ್ತು.

ಉತ್ತರ 3:
10 ಪೆನ್ಸ್ ಎಂದ ಕೂಡಲೇ ಚಾಟಿಯೇಟಿಗೆ ಮುಗಿಯಿತು ಎಂದುಕೊಳ್ಳಬೇಡಿ. ಮೊದಲು ದೊಡ್ಡ ಕಳವಿಗೂ, ‘ಬೆನಿಫಿಟ್ ಆಫ್ ಕ್ಲರ್ಜಿ’ ಎಂಬ, ಗಲ್ಲು ತಪ್ಪಿಸುವ ಹಳೆಯ ಕಾನೂನು ರಿಯಾಯಿತಿ ಸಿಕ್ಕರೆ, ಹೆಬ್ಬೆರಳಿನ ಬುಡಕ್ಕೆ ಬರೆ ಹಾಕಿ ಬಿಡುತ್ತಿದ್ದರು. 1718ರ ಕಾಯ್ದೆ ಬಂದ ಮೇಲೆ ಸಣ್ಣ ಕಳವಿಗೂ ನ್ಯಾಯಾಧೀಶರು 7 ವರ್ಷ ಅಮೆರಿಕಕ್ಕೆ ಗಡೀಪಾರು ಮಾಡಬಹುದಿತ್ತು. ಅವಧಿ ಮುಗಿಯದೆ ಮರಳಿದರೆ ಗಲ್ಲು.

ಇನ್ನೊಂದು ತೊಡಕು: ತೀರ್ಪು ವಿಚಾರಣೆಯ ಕೊನೆಯಲ್ಲಿರುತ್ತದೆ, ಶಿಕ್ಷೆಗಳ ಪಟ್ಟಿ ಇಡೀ ಅಧಿವೇಶನದ ವರದಿಯ ಕೊನೆಯಲ್ಲಿ. ಎರಡನ್ನೂ ಹೆಸರು ಹಿಡಿದು ಹೊಂದಿಸಿ. ಅಲ್ಲಿ ‘ಮರಣ’ ಎಂದಿದ್ದರೂ ನೇಣು ಖಚಿತವಲ್ಲ. ಲಂಡನ್ನಿನ ರೆಕಾರ್ಡರ್ (ನಗರದ ಹಿರಿಯ ನ್ಯಾಯಾಧಿಕಾರಿ) ಒಬ್ಬೊಬ್ಬರ ವಿಷಯವನ್ನೂ ರಾಜ ಮತ್ತು ಮಂತ್ರಿಗಳ ಮುಂದಿಡುತ್ತಿದ್ದ. ಹಲವರಿಗೆ ಕ್ಷಮೆ ಸಿಕ್ಕಿ ಗಡೀಪಾರಾಗುತ್ತಿತ್ತು.

ಪ್ರಶ್ನೆ ಕೇಳಿದವರು:
ಹಾಗಾದರೆ ದರಕ್ಕೆ ಆರೋಪಪತ್ರದ ಅಂಕಿಯನ್ನೇ ಹಿಡಿಯಲೇ?

ಉತ್ತರ 1:
ಅದೂ ಪೂರ್ತಿ ಭದ್ರವಲ್ಲ. ಆಗ ಮೊಕದ್ದಮೆ ಹೂಡುತ್ತಿದ್ದುದು ಮಾಲು ಕಳೆದುಕೊಂಡವರೇ. ಆರೋಪಿಯ ಜೀವ ತೆಗೆಸಲು ಮನಸ್ಸಿಲ್ಲದವರು ಮೊದಲೇ ಬೆಲೆ ತಗ್ಗಿಸಿ ಬರೆಸುತ್ತಿದ್ದರು. ಮಾಲೀಕ ಸಾಕ್ಷಿ ನುಡಿಯುವಾಗ ‘ಗಜಕ್ಕೆ ಇಷ್ಟು ಕೊಟ್ಟೆ’ ಎಂದು ಹೇಳಿರುವ ಕಡೆ ಹುಡುಕಿ. ದರಕ್ಕೆ ಆ ಮಾತೇ ಹೆಚ್ಚು ಗಟ್ಟಿ.